ಒಂಬತ್ತು ಮನೆಗಳ ಬೀಗದ ಕೈ

ಸಿಸ್ಟರ್ ಬಿನಿತಾ ರಾಯ್ ಪೀಣ್ಯಕ್ಕೆ ಬಂದ ಮೊದಲ ವಾರ ವಠಾರದ ಹೆಂಗಸರು ಅವಳನ್ನು ಬ್ಯೂಟಿ ಪಾರ್ಲರಿನವಳು ಎಂದುಕೊಂಡಿದ್ದರು. ಆ ಬಗೆಯ ಕಣ್ಣು, ಆ ಬಗೆಯ ದುಂಡು ಮುಖದವರು ಈ ಕಡೆ ಒಂದೋ ಪಾರ್ಲರಿನಲ್ಲಿರುತ್ತಾರೆ, ಇಲ್ಲವೇ ಮೋಮೊ ಗಾಡಿಯ ಹಿಂದೆ. ಮೇಲಿನ ಅಂತಸ್ತಿನ ಶೈಲಾ ಒಂದು ಭಾನುವಾರ ಇಳಿದು ಬಂದು, "ಹುಬ್ಬು ತೆಗೀತೀರಾ ಮೇಡಂ?" ಎಂದು ಕೇಳಿದಳು. ಬಿನಿತಾಳಿಗೆ ಆಗ ಕನ್ನಡದ ಒಂದು ಪದವೂ ಬರುತ್ತಿರಲಿಲ್ಲ. ಬಂದವರನ್ನು ಕೂರಿಸಬೇಕು ಎಂಬುದಷ್ಟೇ ಗೊತ್ತಿತ್ತು. ಕುರ್ಚಿ ಎಳೆದುಕೊಟ್ಟಳು. ಶೈಲಾ ಕೂತು, ಮುಖ ಮೇಲೆತ್ತಿ ಕಣ್ಣು ಮುಚ್ಚಿದಳು. ಈ ಊರಿನಲ್ಲಿ ಪ್ರಾರ್ಥನೆ ಹೀಗೆ ಮಾಡುತ್ತಾರೇನೋ ಎಂದು ಬಿನಿತಾಳೂ ಎದುರಿಗೆ ಕೂತು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಕಣ್ಣು ತೆರೆದು ನೋಡಿದ ಶೈಲಾ ಬಿದ್ದು ಬಿದ್ದು ನಕ್ಕಳು. ಮೂರು ವರ್ಷವಾದರೂ ಆ ಕತೆ ವಠಾರದಲ್ಲಿ ಹಳೆಯದಾಗಿರಲಿಲ್ಲ.

ಬಿನಿತಾಳ ಊರು ನೇಪಾಳದ ಝಾಪಾ. ಅಮ್ಮ ಚಹಾ ತೋಟದಲ್ಲಿ ಎಲೆ ಕೀಳುವವಳು. ಮೇಚಿ ಹೊಳೆಯ ಮೇಲಿನ ಸೇತುವೆ ದಾಟಿದರೆ ಇಂಡಿಯಾ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಕ್ರೈಸ್ತ ಸಿಸ್ಟರುಗಳ ಸಭೆ ಸೇರಿ ಸನ್ಯಾಸಿನಿಯಾಗಲು ಹೊರಟಾಗ ಅಮ್ಮ ಸೇತುವೆಯ ತನಕ ಬಂದಿದ್ದಳು. "ಅಲ್ಲಿಯವರಿಗೆ ನೀನು ಏನು ಕೊಡುತ್ತೀಯ?" ಎಂದು ಕೇಳಿದ್ದಳು. ಬಿನಿತಾ ಏನೋ ದೊಡ್ಡ ದೊಡ್ಡ ಮಾತು ಹೇಳಿದ್ದಳು. ಅದೇನೆಂದು ಈಗ ನೆನಪಿಲ್ಲ. ಅಮ್ಮ ಬೆನ್ನ ಮೇಲಿನ ಎಲೆಬುಟ್ಟಿಯ ಪಟ್ಟಿಯನ್ನು ಹಣೆಯಿಂದ ಸರಿಸಿ ಪೂರ್ತಿ ಕೇಳಿಸಿಕೊಂಡಿದ್ದು ಮಾತ್ರ ನೆನಪಿದೆ.

ಅವಳನ್ನು ಪೀಣ್ಯಕ್ಕೆ ಕಳಿಸಿದ್ದು ಹೊಲಿಗೆ ಕಲಿಸಲಿಕ್ಕೆ. ಕಾರ್ಖಾನೆಗಳ ಸಾಲು ಮುಗಿದು ಹಳೆಯ ಊರು ಶುರುವಾಗುವ ಕಡೆ ವೆಂಕಟೇಶಪ್ಪನವರ ವಠಾರ. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಅಂತಸ್ತು, ಹದಿನಾಲ್ಕು ಮನೆ. ಮನೆಯೆಂದರೆ ಒಂದು ಕೋಣೆ, ಅದರ ಮೂಲೆಯಲ್ಲೊಂದು ಅಡುಗೆಕಟ್ಟೆ. ಮೆಟ್ಟಿಲ ಪಕ್ಕದ ಎರಡು ಕೋಣೆಯ ಮನೆಯನ್ನು ಸಭೆಯವರು ಬಾಡಿಗೆಗೆ ಹಿಡಿದರು. ಜೊತೆಗಿದ್ದ ಸಿಸ್ಟರ್ ಲೂರ್ದು ಮೇರಿ ನರ್ಸು, ಬೆಳಿಗ್ಗೆ ಕ್ಲಿನಿಕ್ಕಿಗೆ ಹೋದರೆ ಬರುವುದು ಸಂಜೆಗೆ. ಮುಂದಿನ ಕೋಣೆಯಲ್ಲಿ ಮೂರು ಹೊಲಿಗೆ ಮೆಷಿನ್ನು ಇಟ್ಟುಕೊಂಡು ಬಿನಿತಾ ಕಾದಳು. ಒಂದು ತಿಂಗಳು ಕಾದಳು, ಎರಡು ತಿಂಗಳು ಕಾದಳು. ಯಾರೂ ಬರಲಿಲ್ಲ.

ಯಾಕೆ ಬರುವುದಿಲ್ಲ ಎಂದು ತಿಳಿಸಿಕೊಟ್ಟವಳು ಎದುರು ಮನೆಯ ಮಲಕವ್ವ. ಕುಷ್ಟಗಿ ಕಡೆಯವಳು. ಗಾರ್ಮೆಂಟ್ಸಿನಲ್ಲಿ ಕೆಲಸ. ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಷಿನ್ನುಗಳನ್ನು ನೋಡಿ, "ಮುಂಜಾನಿಂದ ಸಂಜೀತನಕ ಕಾಲರ್ ಹೊಲ್ದು ಹೊಲ್ದು ಕಣ್ಣು ಬಿದ್ದು ಹೋಗ್ಯಾವು. ಮನಿಗೆ ಬಂದು ಮತ್ತ ಹೊಲಿಗಿ ಕಲೀಬೇಕೇನ್ರಿ ಸಿಸ್ಟರ್? ಬೇಕಾದ್ರ ನಿಮಗ ನಾ ಕಲಿಸ್ತೀನಿ, ಬರ್ರಿ" ಎಂದಳು. ಲೂರ್ದು ಮೇರಿ ಅದನ್ನು ಹಿಂದಿಗೆ ತಿರುಗಿಸಿ ಹೇಳುವಾಗ ನಗು ತಡೆಯಲಾರದೆ ನಡುವೆ ಎರಡು ಸಲ ನಿಲ್ಲಿಸಿದರು.

ಅಲ್ಲಿಂದ ಬಿನಿತಾಳಿಗೆ ಕೆಲಸವಿಲ್ಲದಂತಾಯಿತು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕನ್ನಡ ಅಕ್ಷರ ತಿದ್ದುತ್ತ ಕೂರುತ್ತಿದ್ದಳು. ಹೋಗುವವರು ಬರುವವರು ನೋಡುತ್ತಿದ್ದರು. ಒಂದು ಬೆಳಿಗ್ಗೆ ಎಂಟೂವರೆಗೆ ಮಲಕವ್ವ ಬೀಗ ಹಾಕಿ, ಎಂದಿನಂತೆ ಬೀಗದ ಕೈಯನ್ನು ಮೀಟರ್ ಪೆಟ್ಟಿಗೆಯೊಳಗೆ ಇಡಲು ಹೋದವಳು ನಿಂತಳು. ಅವಳ ಗಂಡ ಯಂಕಪ್ಪನದು ಮೆಷಿನ್ ಶಾಪಿನಲ್ಲಿ ಮೊದಲ ಶಿಫ್ಟು. ಬೆಳಿಗ್ಗೆ ಆರಕ್ಕೆ ಹೋಗಿ ಎರಡೂ ಕಾಲಿಗೆ ಬರುತ್ತಾನೆ. ಇಬ್ಬರ ನಡುವೆ ಒಂದೇ ಬೀಗದ ಕೈ. ಹಿಂದಿನ ವಾರ ಮೀಟರ್ ಪೆಟ್ಟಿಗೆಯಲ್ಲಿಟ್ಟಿದ್ದನ್ನು ಯಾರೋ ಬೀಳಿಸಿ, ಅದು ಸಿಗದೆ ಬೀಗ ಒಡೆಸಬೇಕಾಗಿತ್ತು.

"ಹೆಂಗೂ ನೀವು ಖಾಲೀನ ಕುಂತಿರ್ತೀರಿ. ಇದನ್ನಷ್ಟು ಇಟ್ಕೋರಿ. ನಮ್ಮ ಮನಿಯಾವ್ರು ಬಂದ್ರ ಕೊಡ್ರಿ" ಎಂದು ಅವಳ ಅಂಗೈಗೆ ಹಾಕಿ ಓಡಿದಳು.

ಅಷ್ಟು ಕನ್ನಡ ಬಿನಿತಾಳಿಗೆ ಅರ್ಥವಾಗಿತ್ತು. ಖಾಲಿ ಎಂಬ ಪದ ನೇಪಾಳಿಯಲ್ಲೂ ಇದೆ. ಆ ದಿನವೆಲ್ಲ ಅದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅಷ್ಟು ದೂರದಿಂದ, ಅಷ್ಟು ಪ್ರಾರ್ಥನೆ ಮಾಡಿ ಬಂದು, ಕೊನೆಗೆ ಖಾಲಿ ಕೂತವಳು ಎಂಬ ಹೆಸರು. ಎರಡೂ ಕಾಲಿಗೆ ಯಂಕಪ್ಪ ಬಂದು ಕೈ ಚಾಚಿದ. ಅವನ ಕೈಯ ಗೆರೆಗಳಲ್ಲೆಲ್ಲ ಕಪ್ಪು ಗ್ರೀಸು. ಬೀಗದ ಕೈ ಕೊಟ್ಟಳು. "ದೊಡ್ಡ ಉಪಕಾರ ಆತ್ರಿ" ಎಂದು ಹೋದ. ಅವನು ಬಾಗಿಲು ತೆಗೆದದ್ದು, ಒಳಗೆ ನಲ್ಲಿ ಬಿಟ್ಟದ್ದು, ಪಾತ್ರೆಯ ಮುಚ್ಚಳ ತೆಗೆದದ್ದು, ಎಲ್ಲ ಕುರ್ಚಿಯಲ್ಲಿ ಕೂತೇ ಕೇಳಿಸಿತು. ಒಬ್ಬ ಮನುಷ್ಯ ದುಡಿದು ಬಂದು ತನ್ನ ಮನೆಯೊಳಗೆ ಕೂತು ಉಣ್ಣುತ್ತಿದ್ದಾನೆ. ಮುಳ್ಳು ಅಷ್ಟಕ್ಕೇ ಕರಗಿತು ಎಂದರೆ ಸುಳ್ಳಾದೀತು. ಸ್ವಲ್ಪ ಮೆತ್ತಗಾಯಿತು.

ಮರುದಿನ ಮಲಕವ್ವ ಮತ್ತೆ ಕೊಟ್ಟಳು. ಮುಂದಿನ ವಾರ ಶೈಲಾ ಕೊಟ್ಟಳು. ಶೈಲಾಳದು ಬೇರೆ ಕಾರ್ಖಾನೆ, ಎರಡರಿಂದ ಹತ್ತರವರೆಗಿನ ಶಿಫ್ಟು. ಒಂದೇ ಕೋಣೆಯಲ್ಲಿ ಜೊತೆಗಿರುವ ಭುವನೇಶ್ವರಿ ಬೇರೆ ಹೊತ್ತಿನವಳು. ಆಮೇಲೆ ಎರಡನೇ ಅಂತಸ್ತಿನ ಈಶಪ್ಪ. ವರ್ಷ ಕಳೆಯುವುದರೊಳಗೆ ಹದಿನಾಲ್ಕು ಮನೆಗಳಲ್ಲಿ ಒಂಬತ್ತರ ಬೀಗದ ಕೈ ಬಿನಿತಾಳ ಬಾಗಿಲ ಒಳಗಿನ ಗೋಡೆಗೆ ಬಂದವು. ಒಂಬತ್ತು ಮೊಳೆ ಹೊಡೆದಳು. ಯಾವುದು ಯಾರದೆಂದು ಹೊರಗಿನವರಿಗೆ ತಿಳಿಯಬಾರದೆಂದು ಹೆಸರು ಬರೆಯಲಿಲ್ಲ. ಒಂದೊಂದಕ್ಕೆ ಒಂದೊಂದು ಬಣ್ಣದ ಬಟ್ಟೆಯ ಪಟ್ಟಿ ಹೊಲಿದಳು. ಮೂರು ಮೆಷಿನ್ನುಗಳು ಆ ಮನೆಯಲ್ಲಿ ಮಾಡಿದ ಒಂದೇ ಕೆಲಸವೆಂದರೆ ಅದು.

ಬೀಗದ ಕೈಯ ಜೊತೆ ಒಂದು ಮಾತೂ ಬರುತ್ತಿತ್ತು. ಅಕ್ಕಿ ನೆನೆ ಹಾಕಿದೆ ಅಂತ ಹೇಳಿ. ಗ್ಯಾಸು ಮುಗಿಯೋ ಹಾಗಿದೆ. ಊರಿಂದ ಅವ್ವ ಫೋನ್ ಮಾಡಿತ್ತು, ಮೊದಲು ಮಾತಾಡಲಿ, ಆಮೇಲೆ ಮಲಗಲಿ. ಬೇರೆ ಬೇರೆ ಶಿಫ್ಟಿನ ಗಂಡ ಹೆಂಡತಿ ವಾರಕ್ಕೊಮ್ಮೆ ಮುಖ ನೋಡಿದರೆ ಹೆಚ್ಚು. ಕಾರ್ಖಾನೆಯ ಒಳಗೆ ಫೋನು ಬಿಡುವುದಿಲ್ಲ. ಹೀಗಾಗಿ ಅವರ ಸಂಸಾರದ ಮಾತು ಬಿನಿತಾಳ ಬಾಗಿಲಿನಿಂದ ಹಾದುಹೋಗುತ್ತಿತ್ತು. ಅವಳು ಕನ್ನಡ ಕಲಿತದ್ದೇ ಆ ಮಾತುಗಳನ್ನು ತಪ್ಪಿಲ್ಲದೆ ಮುಟ್ಟಿಸಲಿಕ್ಕೆ. ಮಲಕವ್ವನಿಂದ ಕಲಿತ ಕುಷ್ಟಗಿ ಮಾತು ನೇಪಾಳದವಳ ಬಾಯಲ್ಲಿ ಬರುವುದನ್ನು ಕೇಳಿ ವೆಂಕಟೇಶಪ್ಪ, "ಏನ್ ಸಿಸ್ಟ್ರೆ, ಇಮಾಲಯ ಬಿಟ್ಟು ಉಬ್ಳಿಗ್ ಓದ್ರಾ?" ಎಂದು ಕಿಚಾಯಿಸುತ್ತಿದ್ದರು.

ಸಂಜೆಯ ಜಪಕ್ಕೆ ಕೂತಾಗ ಮನಸ್ಸು ಜಪಮಣಿಯ ಮೇಲೆ ನಿಲ್ಲುತ್ತಿರಲಿಲ್ಲ. ಕಣ್ಣು ಗೋಡೆಯ ಕಡೆ ಹೋಗುತ್ತಿತ್ತು. ಕೆಂಪು ಇಲ್ಲ; ಅಂದರೆ ಯಂಕಪ್ಪ ಮನೆಗೆ ಬಂದಿದ್ದಾನೆ. ಹಸಿರು ಇನ್ನೂ ಇದೆ. ಈಶಪ್ಪನಿಗೆ ಇವತ್ತೂ ಓವರ್‌ಟೈಮು. ಮೊದಮೊದಲು ಇದು ಪ್ರಾರ್ಥನೆಗೆ ಅಡ್ಡಿ ಎಂದು ಗೋಡೆಗೆ ಬೆನ್ನು ಮಾಡಿ ಕೂತಳು. ಆಮೇಲೆ ಹಾಗೆ ಕೂರುವುದನ್ನು ಬಿಟ್ಟಳು.

ಇಷ್ಟರಲ್ಲಿ ಮೂರು ವರ್ಷ ಕಳೆಯಿತು. ಹನ್ನೊಂದು ಹನ್ನೊಂದು ತಿಂಗಳಿಗೆ ಬರೆಸುತ್ತಿದ್ದ ಬಾಡಿಗೆ ಅಗ್ರಿಮೆಂಟು ಮತ್ತೆ ಮುಗಿಯುವುದಕ್ಕೆ ಬಂತು. ವೆಂಕಟೇಶಪ್ಪ ಬಂದು, "ಈ ತಿಂಗ್ಳು ಮುಗೀತದೆ ಸಿಸ್ಟ್ರೆ. ಇರ್ತೀರೋ ಓಯ್ತೀರೋ ಒಂದ್ ಮಾತು ಏಳ್ಬಿಡಿ. ಪಕ್ಕದ್ ಗೋಡೌನ್‌ನೋರು ಕೇಳ್ತಾವ್ರೆ" ಎಂದರು. ಅದೇ ವಾರ ಹೂಡಿಯಲ್ಲಿರುವ ಸಭೆಯ ದೊಡ್ಡ ಮನೆಯಿಂದ ಮದರ್ ಜಸಿಂತಾ ಒಂದು ಫಾರಂ ಕಳಿಸಿದರು. ಈ ಭಾಗದ ಎಲ್ಲ ಸಿಸ್ಟರುಗಳಿಗೂ ಅವರೇ ಹಿರಿಯರು. ಈ ವರ್ಷ ಎಷ್ಟು ಜನ ಹೊಲಿಗೆ ಕಲಿತರು? ಎಷ್ಟು ಜನಕ್ಕೆ ಅದರಿಂದ ಕೆಲಸ ಸಿಕ್ಕಿತು? ಮುಂದಿನ ವರ್ಷದ ಯೋಜನೆ ಏನು? ಶನಿವಾರ ಹನ್ನೊಂದು ಗಂಟೆಗೆ ತುಂಬಿಸಿಕೊಂಡು ಬರಬೇಕು. ಪೀಣ್ಯದ ಮನೆ ಇಟ್ಟುಕೊಳ್ಳಬೇಕೋ ಬಿಡಬೇಕೋ ಅಂದೇ ತೀರ್ಮಾನ. ಬಿಟ್ಟರೆ ಬಿನಿತಾಳನ್ನು ನೇಪಾಳದ ಒಂದು ಶಾಲೆಯ ಹಾಸ್ಟೆಲಿಗೆ ಕಳಿಸುವುದು.

ಹಾಸ್ಟೆಲಿನಿಂದ ಅಮ್ಮನ ಮನೆ ಬಸ್ಸಿನಲ್ಲಿ ಎರಡೇ ಗಂಟೆಯ ದಾರಿ. ಸಂತೋಷವಾಗಬೇಕಿತ್ತು. ಆಗಲಿಲ್ಲವಲ್ಲ ಎಂದು ಬಿನಿತಾ ತನಗೆ ತಾನೇ ಆಶ್ಚರ್ಯಪಟ್ಟಳು.

ಶುಕ್ರವಾರವೆಲ್ಲ ಫಾರಂ ಮುಂದಿಟ್ಟುಕೊಂಡು ಕೂತಳು. ಮೊದಲ ಎರಡು ಪ್ರಶ್ನೆಗೆ ಸೊನ್ನೆ ಎಂದೇ ಬರೆದಳು. ಮೂರನೆಯದಕ್ಕೆ ನಾಲ್ಕು ಸಲ ಬರೆದು ನಾಲ್ಕು ಸಲ ಹೊಡೆದುಹಾಕಿದಳು. ಶನಿವಾರ ಬೆಳಿಗ್ಗೆ ಎದ್ದ ಮೇಲೂ ಅದೇ ಧ್ಯಾನ. ಯಂಕಪ್ಪ ಹೋದ. ಎಂಟೂವರೆಗೆ ಮಲಕವ್ವ ಕೆಂಪು ಪಟ್ಟಿಯದನ್ನು ಕೊಟ್ಟು, "ದೀಪೂಗ ಇವತ್ತ ಅರ್ಧ ದಿನ ಸಾಲಿ. ಹನ್ನೆರಡಕ್ಕ ಬರ್ತಾಳ. ಬುಟ್ಟ್ಯಾಗ ರೊಟ್ಟಿ ಐತಿ" ಎಂದಳು. ದೀಪು ಅವಳ ಏಳು ವರ್ಷದ ಮಗಳು. ಆಮೇಲೆ ಶೈಲಾ ಬಂದಳು. "ತಂಗಿ ಮನೆಗೆ ಹೋಗಿ ಒಂದು ಗಂಟೆಗೆ ಬಂದ್ಬಿಡ್ತೀನಿ ಸಿಸ್ಟರ್. ಒಂದೂ ಮುಕ್ಕಾಲಿಗೆ ಕಂಪನಿ ಬಸ್ಸು" ಎಂದು ಹಳದಿಯದನ್ನು ಕೊಟ್ಟಳು.

ಊರಿಗೋ ಪೇಟೆಗೋ ಹೋಗುವ ದಿನ ಬಿನಿತಾ ಬೀಗದ ಕೈಗಳನ್ನು ಮೊಳೆಯಿಂದ ತೆಗೆದು ವೆಂಕಟೇಶಪ್ಪನವರ ಹೆಂಡತಿ ನಾಗಲಕ್ಷ್ಮಮ್ಮನ ಕೈಗೆ ಕೊಟ್ಟು ಹೋಗುವುದು ರೂಢಿ. ಅವತ್ತೂ ಒಂಬತ್ತನ್ನೂ ತೆಗೆದು, ಫಾರಮಿನ ಫೈಲಿದ್ದ ಬಟ್ಟೆ ಚೀಲಕ್ಕೆ ಹಾಕಿಕೊಂಡು ಅವರ ಬಾಗಿಲಿಗೆ ಹೋದಳು. ಶನಿವಾರವಾದ್ದರಿಂದ ನಾಗಲಕ್ಷ್ಮಮ್ಮ ಆಂಜನೇಯನ ಗುಡಿಗೆ ಹೋಗಿದ್ದರು. ಗೇಟಿನಲ್ಲಿ ನಿಂತು ಕಾದಳು. ಫೋನು ಹೊಡೆದುಕೊಂಡಿತು. ಮದರ್. "ಹೊರಟೆಯಾ? ನನಗೆ ಹನ್ನೆರಡೂವರೆಗೆ ಇನ್ನೊಂದು ಮೀಟಿಂಗು ಇದೆ." ಹೊರಟೆ ಮದರ್, ಹೊರಟೆ ಎನ್ನುತ್ತ ಹೆಜ್ಜೆ ಹಾಕಿದವಳು ಮಾತು ಮುಗಿಯುವಾಗ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಬಳಿ ಇದ್ದಳು. ಮೆಜೆಸ್ಟಿಕ್‌ನಲ್ಲಿ ಇಳಿದು ಬೇರೆ ರೈಲು ಹಿಡಿದು ಹೂಡಿ ಮುಟ್ಟುವ ತನಕವೂ ಅವಳ ತಲೆಯಲ್ಲಿ ಇದ್ದದ್ದು ಮೂರನೆಯ ಪ್ರಶ್ನೆ.

ಮದರ್ ಜಸಿಂತಾ ಅರವತ್ತು ದಾಟಿದವರು. ಮಂಗಳೂರಿನ ಕಡೆಯವರು. ಕೆಟ್ಟವರಲ್ಲ, ಇರುವ ಸಿಸ್ಟರುಗಳು ಕಡಿಮೆ, ಕರೆಯುವ ಜಾಗಗಳು ಹೆಚ್ಚು, ಅಷ್ಟೇ. ಬಿನಿತಾಳ ಸರದಿ ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಇಬ್ಬರೂ ಹಿಂದಿಯಲ್ಲಿ ಮಾತಾಡಿದರು.

"ಮೂರು ವರ್ಷ, ಬಿನಿತಾ. ಒಂದೇ ಮಾತಿನಲ್ಲಿ ಹೇಳು. ಅಲ್ಲಿ ನಿನ್ನ ಕೆಲಸ ಏನು?"

"ಬರೆದು ತಂದಿದ್ದೇನೆ" ಎಂದು ಚೀಲಕ್ಕೆ ಕೈ ಹಾಕಿ ಫೈಲು ಎಳೆದಳು. ಫೈಲಿನ ದಾರಕ್ಕೆ ಸಿಕ್ಕಿಕೊಂಡು ಕೆಂಪು ಪಟ್ಟಿ ಬಂತು, ಅದರ ಹಿಂದೆ ಹಳದಿ, ಹಸಿರು. ಒಂದರ ಮೇಲೊಂದು ಝಣಝಣ ಎಂದು ಮದರ್ ಮೇಜಿನ ಗಾಜಿನ ಮೇಲೆ ಬಿದ್ದವು.

ಒಂದು ಗಳಿಗೆ ಅವಳಿಗೆ ಅವು ಏನೆಂದು ತಿಳಿಯಲಿಲ್ಲ. ತಿಳಿದ ಮೇಲೆ ಎದ್ದು ನಿಂತಳು.

"ಎಲ್ಲಿಗೆ?"

"ಮಗು ಹನ್ನೆರಡಕ್ಕೆ ಬರುತ್ತದೆ. ಶೈಲಾಗೆ ಒಂದೂ ಮುಕ್ಕಾಲಿಗೆ ಬಸ್ಸು. ಎಲ್ಲರದೂ ನನ್ನ ಹತ್ತಿರ ಇದೆ ಮದರ್. ಒಂಬತ್ತು ಮನೆ."

"ಯಾರಿಗಾದರೂ ಫೋನ್ ಮಾಡು. ಬೀಗ ಒಡೆಸಲಿ."

"ಒಡೆಸಬಹುದು" ಎಂದಳು ಬಿನಿತಾ. ಆದರೆ ಅವಳ ಕೈ ಆಗಲೇ ಬೀಗದ ಕೈಗಳನ್ನು ಚೀಲಕ್ಕೆ ತುಂಬುತ್ತಿತ್ತು. ಕಣ್ಣಲ್ಲಿ ನೀರು. ಮದರ್ ಅವಳ ಮುಖವನ್ನೇ ನೋಡಿದರು. ಆಮೇಲೆ ಮೇಜು ಹಿಡಿದುಕೊಂಡು ಎದ್ದರು, ಅವರಿಗೆ ಮಂಡಿನೋವು. "ನಡಿ. ಆ ಮನೆಯನ್ನು ನಾನೂ ನೋಡದೆ ಹೇಗೆ ತೀರ್ಮಾನ ಮಾಡಲಿ? ಮೀಟಿಂಗು ನಾಳೆ ಮಾಡಿದರಾಯಿತು. ಕಾರು ಬೇಡ, ಶನಿವಾರದ ಟ್ರಾಫಿಕ್ಕಿನಲ್ಲಿ ಸಂಜೆಯಾಗುತ್ತದೆ."

ದಾರಿಯಲ್ಲೇ ಬಿನಿತಾ ನಾಗಲಕ್ಷ್ಮಮ್ಮನಿಗೆ ಫೋನು ಮಾಡಿದಳು.

"ಅಯ್ಯೋ ಸಿಸ್ಟ್ರೇ, ಎಲ್ಲೋದ್ರಿ? ನಿಮ್ ಬಾಗ್ಲಲ್ಲಿ ಆ ಮಗ ಬ್ಯಾಗ್ ಆಕ್ಕೊಂಡು ಕುಂತವ್ಳೆ. ಕರುದ್ರೆ ಬರಾಕಿಲ್ಲ. ಸಿಸ್ಟರ್ ಬರ್ತಾರೆ ಅಂತ್ಲೇ ಕುಂತವ್ಳೆ."

"ರೊಟ್ಟಿ ಮನ್ಯಾಗ ಅದಾವ್ರಿ ಅಮ್ಮಾ. ಅಕಿ ಹಸದಿರ್ತಾಳ."

"ನಾನೇನ್ ಉಪ್ವಾಸ ಕೆಡವ್ತೀನಾ? ನೀವ್ ಬನ್ನಿ ಮೊದ್ಲು."

ಹೂಡಿ ಸ್ಟೇಷನ್ನಿನಲ್ಲಿ ಚೀಲ ಪರೀಕ್ಷೆಯ ಯಂತ್ರದಿಂದ ಹೊರಬರುವಾಗ ಸೆಕ್ಯುರಿಟಿ ಹೆಂಗಸು ತಡೆದಳು. ಬೆಳಿಗ್ಗೆ ಪೀಣ್ಯದ ನೂಕುನುಗ್ಗಲಿನಲ್ಲಿ ಯಾರೂ ಕೇಳಿರಲಿಲ್ಲ. "ಏನ್ ಸಿಸ್ಟರ್, ಬೀಗದ ಅಂಗಡಿ ಇಟ್ಟಿದೀರಾ?" ಎಂದು ಒಂದೊಂದಾಗಿ ಎತ್ತಿ ನೋಡಿದಳು. ಅವಳು ಹಸಿರು ಪಟ್ಟಿಯದನ್ನು ಟ್ರೇಗೆ ಎಸೆದಾಗ ಬಿನಿತಾ ಅದನ್ನು ಥಟ್ಟನೆ ಹಿಡಿದುಕೊಂಡದ್ದನ್ನು ಮದರ್ ಗಮನಿಸಿದರು.

ರೈಲಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಮದರ್ ಚೀಲದೊಳಗೆ ಕೈಯಿಟ್ಟು, "ಇದು ಯಾರದು?" ಎಂದರು. ಬಿನಿತಾ ಹೇಳಿದಳು. "ಇದು?" ಅದನ್ನೂ ಹೇಳಿದಳು. ಈಶಪ್ಪನ ತಂದೆ ತೀರಿಕೊಂಡ ಸುದ್ದಿ ಹಸಿರು ಪಟ್ಟಿಯ ಜೊತೆ ಬಂದಿತ್ತು. ಅವನ ತಮ್ಮ ಅಳುತ್ತ ಬಂದು, "ಅಣ್ಣನಿಗೆ ನಾನ್ ಹೇಳಾಕಾಗಲ್ರಿ, ನೀವ ಹೇಳ್ರಿ" ಎಂದಿದ್ದ. ಶಿಫ್ಟು ಮುಗಿಸಿ ಬಂದವನ ಕೈಗೆ ಬೀಗದ ಕೈ ಕೊಡದೆ, ಅವಳು ಮೊದಲು ನೀರು ಕೊಟ್ಟಿದ್ದಳು. ಅಷ್ಟಕ್ಕೇ ಅವನಿಗೆ ತಿಳಿದುಹೋಗಿತ್ತು.

ಮದರ್ ಹಸಿರು ಪಟ್ಟಿಯದನ್ನು ಚೀಲದೊಳಗೆ ಹಾಕಿ, "ಅವರಿಗೆ ಯೇಸುವಿನ ವಿಷಯ ಏನಾದರೂ ಹೇಳಿದ್ದೀಯಾ?" ಎಂದು ಕೇಳಿದರು.

"ನಾನಾಗಿ ಹೇಳಿಲ್ಲ. ಮನೆ ಕೊಡುವಾಗಲೇ ವೆಂಕಟೇಶಪ್ಪನವರು ಕೇಳಿದ್ದರು, ಜನ ಏನಾದರೂ ಅಂದರೆ ನಾನೇನು ಹೇಳಲಿ ಎಂದು. ಯಾರ ದೇವರನ್ನೂ ಬದಲಾಯಿಸಲು ಬಂದಿಲ್ಲ ಎಂದು ಮಾತು ಕೊಟ್ಟಿದ್ದೆ. ಮಲಕವ್ವ ಒಂದು ಸಲ ಶಿಲುಬೆ ನೋಡಿ, ಇವರು ಯಾರು ಎಂದಳು. ನಮ್ಮ ದೇವರು, ನಮಗಾಗಿ ಸಂಕಟಪಟ್ಟವರು ಎಂದೆ. ತುಂಬಾ ಹೊತ್ತು ನೋಡಿ, 'ಪಾಪ, ಕೈ ಎಷ್ಟ್ ನೋಯ್ತಿರಬೇಕು' ಎಂದಳು. ಗಾರ್ಮೆಂಟ್ಸಿನವಳಲ್ಲವೇ, ಅವಳಿಗೂ ತೋಳು ನೋವು."

ಮೆಜೆಸ್ಟಿಕ್‌ನಲ್ಲಿ ಮೆಟ್ಟಿಲು ಹತ್ತುವಾಗ ಮದರ್ ಅವಳ ಭುಜ ಹಿಡಿದುಕೊಂಡರು. ಬಿನಿತಾ ಗಡಿಯಾರ ನೋಡಿಕೊಳ್ಳುತ್ತಲೇ ಇದ್ದಳು. ಒಂದೂ ಮುಕ್ಕಾಲು ಆದಾಗ ರೈಲು ಯಶವಂತಪುರದಲ್ಲಿತ್ತು. ಅಲ್ಲಿಂದ ಮುಂದೆ ಗಡಿಯಾರ ನೋಡಲಿಲ್ಲ.

ವಠಾರಕ್ಕೆ ಬಂದಾಗ ಎರಡೂ ಕಾಲು ದಾಟಿತ್ತು. ನಾಗಲಕ್ಷ್ಮಮ್ಮನ ಹಜಾರದಲ್ಲಿ ದೀಪು ಮುದ್ದೆ ಉಂಡು ಟೀವಿ ನೋಡುತ್ತಿದ್ದಳು. ಆ ಹಜಾರಕ್ಕೆ ಬಾಡಿಗೆಯವರ ಮಕ್ಕಳು ಬಂದದ್ದನ್ನು ಬಿನಿತಾ ಅದೇ ಮೊದಲು ನೋಡಿದ್ದು. ಆಗ ತಾನೇ ಬಂದ ಯಂಕಪ್ಪ ಮೆಟ್ಟಿಲ ಮೇಲೆ ಬೂಟು ಬಿಚ್ಚಿಟ್ಟು ಕೂತಿದ್ದ. ನೋಡಿದವನೇ, "ಬಂದ್ರಾ! ಒಂಬತ್ತು ಮನಿ ಗಂಟು ಕಟ್ಕೊಂಡು ಸಿಸ್ಟರು ನೇಪಾಳಕ್ಕ ಹೋದ್ರು ಅಂತ ಈಶಪ್ಪ ಸುದ್ದಿ ಹಬ್ಬಿಸ್ಯಾನ್ರಿ" ಎಂದ. ಈಶಪ್ಪ ಮೇಲಿನಿಂದ, "ನನ್ನ ಮನ್ಯಾಗ ಏನೈತ್ರಿ, ಒಂದು ಚಾಪಿ! ಒಯ್ದಿದ್ರೂ ವಾಪಸ್ ತಂದು ಕೊಡ್ತಿದ್ರು" ಎಂದು ಕೂಗಿದ.

ಶೈಲಾ ನಗಲಿಲ್ಲ. ಅವಳು ಗೋಡೆಗೆ ಒರಗಿ ನಿಂತಿದ್ದಳು. ಅವಳ ಐಡಿ ಕಾರ್ಡು ಕೋಣೆಯೊಳಗೆ. ಅದಿಲ್ಲದೆ ಗೇಟಿನಲ್ಲಿ ಬಿಡುವುದಿಲ್ಲ. ಬಸ್ಸು ಹೋಗಿ ಅರ್ಧ ಗಂಟೆಯಾಗಿತ್ತು. ಬೀಗ ಒಡೆಯಲು ಕರೆಸಿದವನು ಇನ್ನೂ ಬಂದಿರಲಿಲ್ಲ.

"ಶೈಲಾ, ತಪ್ಪು ನಂದು" ಎಂದಳು ಬಿನಿತಾ.

"ನಿಮ್ದಲ್ಲ ಬಿಡಿ ಸಿಸ್ಟರ್. ನಂಬಿ ಕೊಟ್ಟೆ ನೋಡಿ, ನಂದು. ಈ ತಿಂಗ್ಳು ಆಗ್ಲೇ ಎರಡು ಲೀವ್ ಆಗಿದೆ. ಮೂರನೇದಾದ್ರೆ ಲೈನ್ ಬದಲಾಯಿಸ್ತೀನಿ ಅಂದಿದ್ದಾನೆ ಸೂಪರ್‌ವೈಸರ್. ಪೇಂಟಿಂಗ್ ಸೆಕ್ಷನ್ನಿಗೆ ಹಾಕಿದ್ರೆ ನಂಗೆ ಉಸಿರಾಡೋಕಾಗಲ್ಲ, ನಿಮಗೆ ಗೊತ್ತಲ್ಲ?" ಹಳದಿ ಪಟ್ಟಿಯನ್ನು ಬಿನಿತಾಳ ಕೈಯಿಂದ ಕಿತ್ತುಕೊಂಡಳು. "ಇನ್ಮೇಲೆ ಇದು ನನ್ ಹತ್ರಾನೇ ಇರುತ್ತೆ. ಭುವನಾಗೆ ಬೇರೆ ಮಾಡಿಸ್ಕೊಡ್ತೀನಿ."

ಬ್ಯೂಟಿ ಪಾರ್ಲರಿನ ಕತೆಯನ್ನು ಎಲ್ಲರಿಗಿಂತ ಹೆಚ್ಚು ಸಲ ಹೇಳಿದವಳು ಶೈಲಾಳೇ. ಬಿನಿತಾ ಉಳಿದ ಎಂಟರಲ್ಲಿ ಯಂಕಪ್ಪನದನ್ನೂ ಈಶಪ್ಪನದನ್ನೂ ಅವರವರಿಗೆ ಕೊಟ್ಟು, ಮಿಕ್ಕವನ್ನು ಮೊಳೆಗಳಿಗೆ ಹಾಕಿ, ಮದರ್‌ಗೆ ಬಾಗಿಲ ಬಳಿಯ ಕುರ್ಚಿ ತೋರಿಸಿದಳು. "ನೀವು ಕೂತಿರಿ ಮದರ್. ನಾನು ಇವಳ ಜೊತೆ ಕಾರ್ಖಾನೆಗೆ ಹೋಗಿ ಬರುತ್ತೇನೆ."

ಆಟೋದಲ್ಲಿ ಶೈಲಾ ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತುತ್ತ ರಸ್ತೆಯನ್ನೇ ನೋಡುತ್ತಿದ್ದಳು. ಕಾರ್ಖಾನೆಯ ಗೇಟಿನಲ್ಲಿ ಬಿನಿತಾ ಸೆಕ್ಯುರಿಟಿಯವನಿಗೆ, ಅವನು ಕರೆಸಿದ ಸೂಪರ್‌ವೈಸರನಿಗೆ, ತನಗೆ ಬರುವ ಕುಷ್ಟಗಿ ಕನ್ನಡದಲ್ಲಿ ಹೇಳಿದ್ದನ್ನೇ ಹೇಳಿದಳು. "ಇಕಿ ತಪ್ಪಲ್ರಿ ಸಾರ್. ಕೀಲಿಕೈ ನನ್ನ ಕಡೆ ಇತ್ತು. ನಾ ಮರ್ತು ಒಯ್ದಿದ್ದೆ." ಬೂದು ಸೀರೆಯ ನೇಪಾಳದ ಹೆಂಗಸು ಆ ಭಾಷೆಯಲ್ಲಿ ಬೇಡಿಕೊಳ್ಳುವುದನ್ನು ಸೂಪರ್‌ವೈಸರ್ ಬಾಯಿ ಬಿಟ್ಟುಕೊಂಡು ಕೇಳಿದ. ಕೊನೆಗೆ ಅರ್ಧ ದಿನದ ರಜೆ ಎಂದು ಬರೆದುಕೊಂಡು ಒಳಗೆ ಬಿಟ್ಟ. ಎರಡಿದ್ದ ರಜೆ ಎರಡೂವರೆಯಾಯಿತು. ಲೈನು ಬದಲಾಗುತ್ತದೋ ಇಲ್ಲವೋ ಅವನು ಹೇಳಲಿಲ್ಲ. ಶೈಲಾ ತಿರುಗಿ ನೋಡದೆ ಒಳಗೆ ಹೋದಳು.

ಬಿನಿತಾ ನಡೆದೇ ವಾಪಸು ಬಂದಳು. ವಠಾರದ ಬಾಗಿಲಲ್ಲಿ ಮದರ್ ಜಸಿಂತಾ ಕುರ್ಚಿಯ ತುದಿಯಲ್ಲಿ ಸೆಟೆದು ಕೂತಿದ್ದರು. ಮಡಿಲಲ್ಲಿ ಮೂರು ಬೀಗದ ಕೈ. ಕೈಯಲ್ಲಿ ಪೆನ್ನು. ಮುಖದಲ್ಲಿ ಪರೀಕ್ಷೆ ಬರೆಯುವ ಹುಡುಗಿಯ ಗಾಬರಿ.

"ಇಷ್ಟು ಹೊತ್ತು ಎಲ್ಲಿದ್ದೆ? ಒಬ್ಬರಾದ ಮೇಲೊಬ್ಬರು ಬಂದು ಕೈಗೆ ಹಾಕಿ ಹೋದರು. ಬೇಡ, ನಾನು ಹೊರಗಿನವಳು ಎಂದೆ. ಕೇಳುವುದೇ ಇಲ್ಲ. ಆ ಗ್ರೀಸಿನ ಕೈಯವನು ಮಗಳನ್ನು ಕರೆದುಕೊಂಡು ಸಂತೆಗೆ ಹೋದ. ಹೆಂಡತಿ ಬಂದರೆ ಕೂಸು ಉಂಡಿದೆ ಎನ್ನಬೇಕಂತೆ. ಹಸಿರಿನವನು ಊರಿಗೆ ಹೋದ, ಸೋಮವಾರ ಬರುತ್ತಾನೆ. ತಮ್ಮನಿಗೆ ಹೇಳಬೇಕು, ಮೊಸರು..." ಕಾಗದ ನೋಡಿಕೊಂಡರು. "ಮೊಸರು ಹೊರಗಿದೆ, ಕೆಟ್ಟೀತು. ನೀಲಿ ಪಟ್ಟಿಯವಳು ಹೇಳಿದ್ದರಲ್ಲಿ ಅರ್ಧ ನನಗೆ ತಿಳಿಯಲಿಲ್ಲ. ಎರಡು ಸಲ ಕೇಳಿದೆ. ಬಸ್ಸು ತಪ್ಪುತ್ತದೆ ಎಂದು ಓಡಿದಳು. ಅವಳ ಗಂಡ ಬಂದರೆ ಏನು ಹೇಳುವುದು ಈಗ?"

ಅವರು ಬರೆದುಕೊಂಡದ್ದು ಬಿನಿತಾಳ ಫಾರಮಿನ ಹಿಂಬದಿಯಲ್ಲಿ. ಸೊನ್ನೆ ಸೊನ್ನೆ ಎಂದಿದ್ದ ಹಾಳೆ. ಬಿನಿತಾ ಓದಿ, ನೀಲಿ ಪಟ್ಟಿಯದು ಬಹುಶಃ ನೀರಿನ ಮೋಟಾರಿನ ವಿಷಯವಿರಬೇಕು ಎಂದು ಊಹಿಸಿ ಹೇಳಿದಳು. ಮದರ್‌ಗೆ ಜೀವ ಬಂದ ಹಾಗಾಯಿತು.

ಟೀ ಕುಡಿದ ಮೇಲೆ ಮದರ್ ನಿಧಾನವಾಗಿ ಕೇಳಿದರು. "ನಿಜ ಹೇಳು. ನೀನು ಹೋದರೆ ಇವನ್ನು ಯಾರು ಇಟ್ಟುಕೊಳ್ಳುತ್ತಾರೆ?"

ಇದಕ್ಕೆ ಒಳ್ಳೆಯ ಉತ್ತರ ಕೊಟ್ಟರೆ ಉಳಿಯಬಹುದು ಎಂದು ಬಿನಿತಾಳಿಗೆ ಗೊತ್ತಿತ್ತು. ಯಾರೂ ಇಲ್ಲ ಎನ್ನಬಹುದಿತ್ತು. ನಾಗಲಕ್ಷ್ಮಮ್ಮನ ಹಜಾರದಲ್ಲಿ ಕೂತು ಮುದ್ದೆ ಉಂಡ ದೀಪು ಕಣ್ಣ ಮುಂದೆ ಬಂದಳು.

"ಯಾರಾದರೂ ಇಟ್ಟುಕೊಳ್ಳುತ್ತಾರೆ ಮದರ್. ನಾಗಲಕ್ಷ್ಮಮ್ಮ ಇಟ್ಟುಕೊಳ್ಳಬಹುದು. ಒಂದು ವಾರ ಕಷ್ಟವಾದೀತು, ಆಮೇಲೆ ದಾರಿ ಮಾಡಿಕೊಳ್ಳುತ್ತಾರೆ. ನಾನು ಇಲ್ಲದಿದ್ದರೆ ನಡೆಯದು ಎಂದೇನಿಲ್ಲ."

"ಹಾಗಾದರೆ?"

"ನನಗೇ ಬೇಕು. ಮೂರು ವರ್ಷದ ಹಿಂದೆ ನಾನು ಪ್ರಾರ್ಥನೆಯಲ್ಲಿ ಮನುಷ್ಯರು ಎನ್ನುತ್ತಿದ್ದೆ, ಬಡವರು ಎನ್ನುತ್ತಿದ್ದೆ. ಈಗ ಎಂಟು ಮನೆ..." ತಡೆದಳು. "ಒಂಬತ್ತು ಮನೆ. ಹೆಸರು ಹಿಡಿದು ಹೇಳುತ್ತೇನೆ. ಇವತ್ತು ನಿಮಗೆ ಒಪ್ಪುವ ಹಾಗೆ ಬರೆಯಬೇಕು ಎಂಬ ಯೋಚನೆಯಲ್ಲಿ ಅವರನ್ನೇ ಮರೆತೆ. ಅದಕ್ಕೆ ಶಿಕ್ಷೆ ಎಂದು ಕಳಿಸಿದರೆ ಹೋಗುತ್ತೇನೆ."

ಮದರ್ ಆ ಹಾಳೆಯನ್ನು ಹಿಂದುಮುಂದು ತಿರುಗಿಸಿ ನೋಡಿದರು. ಐದೂ ಮುಕ್ಕಾಲಿಗೆ ಮಲಕವ್ವ ಕೈ ಚಾಚಿಕೊಂಡು ಬಂದಳು. ಕೆಂಪು ಪಟ್ಟಿ ಇನ್ನೂ ಮದರ್ ಕೈಯಲ್ಲೇ ಇತ್ತು. ಮಂಗಳೂರಿನ ಕನ್ನಡದಲ್ಲಿ, ಒಂದೊಂದೇ ಪದ ಜೋಡಿಸಿ, "ಮಗು ಊಟ ಮಾಡಿದ್ದಾಳೆ. ಅಪ್ಪನ ಒಟ್ಟಿಗೆ ಸಂತೆಗೆ ಹೋಗಿದ್ದಾಳೆ" ಎಂದರು. ಮಲಕವ್ವ ಈ ಹೊಸ ಮುಖವನ್ನು ಒಮ್ಮೆ ನೋಡಿ, "ಹೌದ್ರಾ? ಚಲೋ ಆತ್ ಬಿಡ್ರಿ" ಎಂದು ಬೀಗದ ಕೈ ಇಸಿದುಕೊಂಡು ಹೋದಳು. ಬಾಗಿಲು ತೆಗೆದ ಸದ್ದು ಕೇಳಿಸಿತು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಮದರ್ ಕಿವಿಗೊಟ್ಟು ಕೂತಿದ್ದನ್ನು ಬಿನಿತಾ ನೋಡಿ ಮುಖ ಆಚೆ ತಿರುಗಿಸಿಕೊಂಡಳು.

ಹೊರಡುವಾಗ ಗೇಟಿನಲ್ಲಿ ವೆಂಕಟೇಶಪ್ಪ ಸಿಕ್ಕಿದರು. "ಏನಮ್ಮಾ, ಅಗ್ರಿಮೆಂಟು ಏನ್ಮಾಡಾಣ?"

"ಮಾಡಿಸಿ" ಎಂದರು ಮದರ್. "ಹನ್ನೊಂದು ತಿಂಗಳು. ಆಮೇಲಿನದು ಆಮೇಲೆ." ಬಿನಿತಾಳ ಕಡೆ ತಿರುಗಿ, "ಆ ಮೆಷಿನ್ನುಗಳನ್ನು ಬೇಕಾದವರಿಗೆ ಕೊಡು, ಜಾಗ ಖಾಲಿಯಾಗಲಿ. ಇನ್ನೊಂದು ಕುರ್ಚಿ ಹಾಕು" ಎಂದು ಹೇಳಿ ಕುಂಟುತ್ತ ಸ್ಟೇಷನ್ನಿನ ಕಡೆ ನಡೆದರು. ಹಾಳೆ ವಾಪಸು ಕೊಡಲಿಲ್ಲ, ಮಡಿಸಿ ಚೀಲದಲ್ಲಿಟ್ಟುಕೊಂಡಿದ್ದರು.

ಭಾನುವಾರ ಒಂಬತ್ತನೆಯ ಮೊಳೆ ಬರಿದಾಗಿಯೇ ಇತ್ತು. ಜಪಕ್ಕೆ ಕೂತಾಗ ಬಿನಿತಾಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮೊಳೆ ಕೀಳಲಿಲ್ಲ.

ಸೋಮವಾರ ಒಂದೂವರೆಗೆ ಶೈಲಾ ಕೆಲಸಕ್ಕೆ ಇಳಿದು ಬಂದಳು. ಮುಷ್ಟಿಯಲ್ಲಿ ಹಳದಿ ಪಟ್ಟಿಯ ತುದಿ ಕಾಣುತ್ತಿತ್ತು. ಬಾಗಿಲು ದಾಟಿ ಹೋದವಳು ನಾಲ್ಕು ಹೆಜ್ಜೆಯ ಆಚೆ ನಿಂತಳು.

"ಲೈನ್ ಬದಲಾಗಿಲ್ಲ" ಎಂದಳು, ಗೇಟಿನ ಕಡೆ ನೋಡುತ್ತ.

"ದೇವರು ದೊಡ್ಡಾವ."

"ಇವತ್ತು ಎಲ್ಲೂ ಹೋಗಲ್ಲ ತಾನೆ?"

"ಎಲ್ಲೂ ಇಲ್ಲ. ಖಾಲೀನ ಕುಂತಿರ್ತೀನಿ."

ಶೈಲಾ ಒಂದು ಗಳಿಗೆ ಹಾಗೇ ನಿಂತಿದ್ದಳು. ಕಂಪನಿ ಬಸ್ಸಿನ ಹಾರ್ನು ಕೇಳಿಸಿತು. ಹಿಂದಕ್ಕೆ ಬಂದು, ಬಿನಿತಾಳ ಮುಖ ನೋಡದೆ, ಹೊಸದಾಗಿ ಹಾಕಿದ್ದ ಎರಡನೆಯ ಕುರ್ಚಿಯ ಮೇಲೆ ಬೀಗದ ಕೈ ಇಟ್ಟಳು.

"ಭುವನಾ ನಾಲ್ಕಕ್ಕೆ ಬರ್ತಾಳೆ. ಸಾರು ಬಿಸಿ ಮಾಡ್ಕೋ ಅಂತ ಹೇಳಿ" ಎಂದು ಬಸ್ಸಿನ ಕಡೆ ಓಡಿದಳು.